ಬುಡದಕ್ಕನ ನೆತ್ತಿ

ದೊಡ್ಡಮ್ಮ ಪೆಟ್ಟಿಗೆಯಿಂದ ವಿಗ್ ತೆಗೆದು ಕೊಡವುತ್ತಿದ್ದಾಗ ತೀರಿಕೊಂಡ ತಾಯಿಯ ತಲೆಯನ್ನು ಮಗಳು ತೊಳೆಯುತ್ತಿದ್ದಳು. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕೈಯ ಬೆರಳ ತುದಿಗಳು ನೆತ್ತಿಯ ಮೇಲೆ. ನೊರೆ ಕಿವಿಗೆ ಇಳಿಯದಂತೆ ಅಂಗೈ ಅಡ್ಡ ಹಿಡಿದು ನೀರು ಬಿಟ್ಟಳು. ಒಂದೇ ಒಂದು ಕೂದಲಿಲ್ಲದ ಆ ತಲೆಯಲ್ಲಿ ಹುಡುಕಿದರೂ ಹೊಟ್ಟಿಲ್ಲ, ಗಾಯವಿಲ್ಲ, ಕೆರೆದ ಗುರುತಿಲ್ಲ. ಎಪ್ಪತ್ತರ ಮುಖಕ್ಕೆ ಮೂವತ್ತರ ನೆತ್ತಿ ಎಂದು ತಾಯಿ ತಾನೇ ಬಡಾಯಿ ಕೊಚ್ಚಿಕೊಳ್ಳುತ್ತಿದ್ದಳು.

"ನೀರು ಬಿಸಿ ಆಯ್ತಾ?" ಎಂದು ಮಗಳು ಕೇಳಿಬಿಟ್ಟಳು.

ತಾಯಿ ನಡೆಸುತ್ತಿದ್ದ ಪಾರ್ಲರಿನಲ್ಲಿ ಪ್ರತಿ ತಲೆಗೂ ಕೇಳುವ ಮಾತು ಅದು. ತಾಯಿಯೇ ಕಲಿಸಿದ್ದು. ಕೇಳಿ, ಉತ್ತರಕ್ಕೆಂದು ಒಂದು ಗಳಿಗೆ ಕಾದಳು. ಬೆಳಗಿನಿಂದ ಹಿಡಿದಿಟ್ಟಿದ್ದ ಅಳು ಆಗ ಬಂತು.

"ಅತ್ತುಬಿಡು," ಎಂದಳು ದೊಡ್ಡಮ್ಮ, ತಾಯಿಯ ಒಡಹುಟ್ಟಿದ ಅಕ್ಕ. "ಆಮೇಲೆ ತಲೆ ಒರೆಸಿ ಇದನ್ನ ಹಾಕೋಣ."

"ಬೇಡ ದೊಡ್ಡಮ್ಮ."

"ಬೇಡ ಅಂತ ಅವಳು ಹೇಳಿ ಹೋದ್ಲಾ?"

"ಹೋಗುವಾಗ ಏನೂ ಹೇಳ್ಲಿಲ್ಲ. ಒಂದ್ಸಲ ತೆಗೆದಿಟ್ಟ ಮೇಲೆ ಇಷ್ಟು ವರ್ಷ ಹಾಕ್ಕೊಳ್ಳಲೇ ಇಲ್ವಲ್ಲ, ಅದು ಸಾಲ್ದಾ?"

"ಇವತ್ತು ಊರೆಲ್ಲ ಬರತ್ತೆ. ಕೊನೇ ಸಲ ನೋಡೋ ಮುಖ. ನಾಲ್ಕು ಜನರ ಹಾಗೆ ಕಳಿಸೋಣ ಕಣೇ. ಇದೇನು ಅಂಗಡೀಲಿ ಕೊಂಡಿದ್ದಾ? ನನ್ನ ತಲೆ ಕೂದಲು."

ಅದೇ ಪೇಚಾಟ. ಅದು ನಿಜವಾಗಿಯೂ ದೊಡ್ಡಮ್ಮನ ಕೂದಲೇ. ಮಗಳು ಮಾತು ಬೆಳೆಸಲಿಲ್ಲ. ಟವೆಲ್ ತೆಗೆದುಕೊಂಡು, ಉಜ್ಜದೆ, ಮೆತ್ತಗೆ ಒತ್ತಿ ಒತ್ತಿ ನೆತ್ತಿಯನ್ನು ಒಣಗಿಸಿದಳು.

*

ತಾಯಿಗೆ ಬುಡದಕ್ಕ ಎಂದು ಹೆಸರಿಟ್ಟವರು ಗಿರಾಕಿಗಳು. ಯಾರೇ ಬಂದು ಕುರ್ಚಿಯಲ್ಲಿ ಕೂತು "ಕೂದಲು ಉದ್ದ ಆಗೋಕೆ ಏನಾದ್ರೂ ಮಾಡಿ" ಎಂದರೂ ಅವಳದು ಒಂದೇ ಮಾತು: "ಮೊದಲು ಬುಡ ನೋಡೋಣ." ದೀಪವನ್ನು ಹತ್ತಿರಕ್ಕೆಳೆದು, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವಳು. ಹೊಟ್ಟಿದ್ದರೆ ಎಷ್ಟು ಗೋಗರೆದರೂ ಎಣ್ಣೆ ಹಚ್ಚಳು. ಉಗುರಿನಿಂದ ಕೆರೆದ ಗುರುತು ಕಂಡರೆ ಗಿರಾಕಿಯ ಕೈ ಹಿಡಿದು ಮೊದಲು ಉಗುರು ಕತ್ತರಿಸುವಳು. ಒಬ್ಬರ ಬಾಚಣಿಗೆ ತೊಳೆಯದೆ ಇನ್ನೊಬ್ಬರ ತಲೆಗೆ ಹೋದರೆ ಮಗಳಿಗೆ ಸಂಜೆಯವರೆಗೂ ಮಂಗಳಾರತಿ. ಒಮ್ಮೆ ಮದುವೆ ಹೆಣ್ಣನ್ನೇ "ಇದು ಹುಳುಕಡ್ಡಿ, ಹೋಗಿ ಡಾಕ್ಟರಿಗೆ ತೋರಿಸು" ಎಂದು ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದಳು.

ಅಂಥವಳ ತಲೆಯಲ್ಲೇ ಒಂದು ಬೇಸಿಗೆಯಲ್ಲಿ ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರತೊಡಗಿತು. ಮೈ ತನ್ನ ಕೂದಲಿನ ಬುಡದ ಮೇಲೇ ತಿರುಗಿಬೀಳುವ ಕಾಯಿಲೆಯಿದು, ಎಣ್ಣೆ ಸಾಬೂನಿನ ತಪ್ಪಲ್ಲ ಎಂದು ಚರ್ಮದ ಡಾಕ್ಟರು ಹೇಳಿದರು. ಔಷಧಿಯಿಂದ ಕೆಲವರಿಗೆ ಮತ್ತೆ ಬೆಳೆಯುತ್ತದಂತೆ. ಇವಳಿಗೆ ಬೆಳೆಯಲಿಲ್ಲ, ಹುಬ್ಬೂ ಹೋಯಿತು. ಬೀದಿಯವರಿಗೆ ಬಾಯಿ ಚಪಲಕ್ಕೆ ಒಳ್ಳೆಯ ಸಂಗತಿ ಸಿಕ್ಕಿತು. ತನ್ನ ತಲೆಯನ್ನೇ ಉಳಿಸಿಕೊಳ್ಳಲಾಗದವಳು ನಮ್ಮ ತಲೆ ನೋಡಿಕೊಳ್ಳುತ್ತಾಳಂತೆ ಎಂದು ನಕ್ಕರು.

ಆಗ ದೊಡ್ಡಮ್ಮ ಯಾರಿಗೂ ಹೇಳದೆ, ಸೊಂಟ ದಾಟುತ್ತಿದ್ದ ತನ್ನ ಕೂದಲನ್ನು ಕತ್ತರಿಸಿ ವಿಗ್ ಮಾಡಿಸಿ ತಂದಳು. ತಂಗಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅದನ್ನು ಹಾಕಿಕೊಂಡೇ ಕೆಲಸಕ್ಕೂ ಹೋದಳು. ಒಳಗೆ ಬೆವರಿ ಬೆವರಿ ನೆತ್ತಿಯ ತುಂಬ ಕೆಂಪು ಗುಳ್ಳೆ ಎದ್ದಿತು. ಹಲ್ಲು ಕಚ್ಚಿ ಸಹಿಸಿದಳು. ಕೊನೆಗೊಂದು ದಿನ, ಪಾರ್ಲರಿನ ತುಂಬ ಗಿರಾಕಿಗಳಿರುವಾಗಲೇ, ವಿಗ್ ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಕೈ ತೊಳೆದುಕೊಂಡು, ಅರ್ಧಕ್ಕೆ ಬಿಟ್ಟ ತಲೆಗೆ ವಾಪಸಾದಳು.

"ಕೂದಲು ಹೋಗಿದ್ದು ನನ್ನ ಕೈಲಿರಲಿಲ್ಲ," ಎಂದಳು ಬಾಯಿ ಬಿಟ್ಟು ನೋಡುತ್ತಿದ್ದವರಿಗೆ. "ನೆತ್ತಿ ನನ್ನ ಕೈಲಿದೆ. ಬೇಕಾದ್ರೆ ಬಂದು ಮುಟ್ಟಿ ನೋಡಿ, ಗುಳ್ಳೆ ಇನ್ನೆರಡು ದಿನದಲ್ಲಿ ಹೋಗತ್ತೆ. ನೋಡೋಕಾಗಲ್ಲ ಅನ್ನೋರಿಗೆ ಬಾಗಿಲು ತೆಗೆದೇ ಇದೆ."

ಒಂದಿಬ್ಬರು ಎದ್ದು ಹೋಗಿಯೇಬಿಟ್ಟರು. ಕುರ್ಚಿಯಲ್ಲಿದ್ದ ಟೀಚರಮ್ಮ ಮಾತ್ರ ಕದಲಲಿಲ್ಲ. "ನನ್ನ ತಲೆ ತುಂಬ ನೊರೆ ಇದೆ, ನಾನೆಲ್ಲಿಗೆ ಹೋಗ್ಲಿ?" ಎಂದರು. ಎದ್ದು ಹೋದವರೂ ತುರಿಕೆ ತಾಳಲಾರದೆ ಕೆಲವು ತಿಂಗಳಲ್ಲಿ ಮುಖ ಸಪ್ಪೆ ಮಾಡಿಕೊಂಡು ಬಂದರು. ಬುಡದಕ್ಕ ಏನೂ ಆಗಿಲ್ಲವೆಂಬಂತೆ ದೀಪ ಎಳೆದು ಬುಡ ನೋಡಿದಳು.

ದೊಡ್ಡಮ್ಮನಿಗೆ ಮಾತ್ರ ಆ ಮೊಳೆ ಎದೆಗೇ ಹೊಡೆದಂತಾಗಿತ್ತು. ವಿಗ್ಗನ್ನು ಮನೆಗೆ ಒಯ್ದು ಪೆಟ್ಟಿಗೆಯಲ್ಲಿಟ್ಟಳು. ಅಕ್ಕ ತಂಗಿ ಮಾತು ಬಿಡಲಿಲ್ಲ, ಆದರೆ ದೊಡ್ಡಮ್ಮ ಪಾರ್ಲರಿನ ಮೆಟ್ಟಿಲನ್ನು ಮತ್ತೆ ತುಳಿಯಲಿಲ್ಲ.

*

ಮಗಳು ಬಟ್ಟೆ ಬದಲಿಸಿ ನಡುಮನೆಗೆ ಬರುವಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು. ತಾಯಿಯ ತಲೆಯ ತುಂಬ ಕಪ್ಪು ಕೂದಲು, ನಡುವೆ ನೇರವಾದ ಬೈತಲೆ. ಪಕ್ಕದಲ್ಲಿ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕಳಿಸುತ್ತಿದ್ದ ದೊಡ್ಡಪ್ಪ, ಜನರ ಎದುರು ಜಗಳ ಬೇಡ ಎಂದು ಕಣ್ಣಲ್ಲೇ ಹೇಳಿದ.

ಟೀಚರಮ್ಮ ಕೋಲೂರಿಕೊಂಡು ಬಂದರು. ಬಗ್ಗಿ ನೋಡಿದರು, ಹಿಂದೆ ಸರಿದರು.

"ಕ್ಷಮಿಸಿ," ಎಂದರು ದೊಡ್ಡಪ್ಪನಿಗೆ. "ನಾನು ಬುಡದಕ್ಕನ್ನ ನೋಡೋಕೆ ಬಂದೆ. ಮನೆ ತಪ್ಪಿತೋ ಏನೋ."

"ಇದೇ ಮನೆ."

"ಹಾಗಾದ್ರೆ ಇವರು ಯಾರು?"

ಟೀಚರಮ್ಮನಿಗೆ ಕಣ್ಣು ಮಂಜು, ಒಪ್ಪೋಣ. ಅವರ ಹಿಂದೆ ನಿಂತಿದ್ದ ಹೊಲಿಗೆಯವಳ ಕಣ್ಣಿಗೇನಾಗಿತ್ತು? ಅವಳೂ ತಂದ ಹೂವನ್ನು ಎಲ್ಲಿಡಬೇಕೆಂದು ತೋಚದೆ, ಸತ್ತವರ ಮುಖವನ್ನೂ ಬದುಕಿದ್ದವರ ಮುಖವನ್ನೂ ನೋಡುತ್ತ ನಿಂತಿದ್ದಳು.

ಮಗಳು ತಾಯಿಯ ತಲೆಯ ಬಳಿ ಮಂಡಿಯೂರಿದಳು. ಅವಳಿಗೆ ಭಯವಿತ್ತು. ರಕ್ತಸಂಬಂಧವೆಂದು ಇನ್ನು ಉಳಿದಿದ್ದವಳು ಈ ದೊಡ್ಡಮ್ಮ ಒಬ್ಬಳೇ. ಇವಳೂ ಮುನಿದು ಹೋದರೆ ನಾಳೆ ಊಟ ಆಯ್ತಾ ಎಂದು ಕೇಳುವವರಿಲ್ಲ. ಆದರೂ ಕಿವಿಯ ಹಿಂದಿನ ಅಂಟುಪಟ್ಟಿಗೆ ಕೈ ಹಾಕಿ, ಚರ್ಮ ಎಳೆಯದಂತೆ ಮೆಲ್ಲಗೆ ಬಿಡಿಸತೊಡಗಿದಳು.

"ಮುಟ್ಟಬೇಡ ಅದನ್ನ," ಎಂದಳು ದೊಡ್ಡಮ್ಮ.

"ನೀನು ಬೇಕಾದ್ರೆ ನನ್ನ ಜೊತೆ ಮಾತು ಬಿಡು ದೊಡ್ಡಮ್ಮ. ಅಮ್ಮನ್ನ ಯಾರೋ ಅನ್ನೋ ಹಾಗೆ ಕಳಿಸಲ್ಲ."

"ಪ್ರೀತಿಯಿಂದ ಕೊಟ್ಟಿದ್ದು ಕಣೇ ನಾನು."

"ಗೊತ್ತು. ಅಮ್ಮಂಗೂ ಗೊತ್ತಿತ್ತು. ಪ್ರೀತಿಯಿಂದ ಕೊಟ್ಟಿದ್ದು ಅಂತ ತುರಿಕೆ ನಿಲ್ಲತ್ತಾ?"

ವಿಗ್ಗನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ದೊಡ್ಡಮ್ಮನ ಮಡಿಲಲ್ಲಿಟ್ಟಳು. ಟೀಚರಮ್ಮ ಮತ್ತೊಮ್ಮೆ ಬಗ್ಗಿದರು.

"ಇಲ್ಲೇ ಇದ್ದಾರಲ್ಲ," ಎಂದರು. ಆಮೇಲೆ ಕೋಲನ್ನು ಗೋಡೆಗೊರಗಿಸಿ, ಆ ನುಣುಪು ತಲೆಯನ್ನು ಸವರುತ್ತ ಜೋರಾಗಿ ಅತ್ತರು.

*

ಶವ ಒಯ್ಯುವ ವ್ಯಾನಿನ ಪಕ್ಕಕ್ಕೆ ಉದ್ದನೆಯ ಗಾಜಿತ್ತು, ಅದಕ್ಕೆ ಅರ್ಧ ಎಳೆದ ಪರದೆ. ದೊಡ್ಡಪ್ಪ ಚಾಲಕನ ಪಕ್ಕದಲ್ಲಿ ಕೂತು, "ಹಿಂದಿನ ರಸ್ತೆ ಹಿಡಿಯಪ್ಪ, ಪೇಟೆ ಬೇಡ," ಎಂದ.

"ಪೇಟೆ ಮೇಲೇ ಹೋಗ್ಲಿ," ಎಂದಳು ಮಗಳು. "ದಿನಾ ಅದೇ ದಾರೀಲಿ ತಲೆ ಎತ್ತಿ ಹೋಗ್ತಿದ್ಲು."

ಚಾಲಕ ಇಬ್ಬರನ್ನೂ ಒಮ್ಮೆ ನೋಡಿ ಪೇಟೆಯ ಕಡೆಗೇ ತಿರುಗಿಸಿದ.

ಅಂಗಡಿ ಸಾಲಿನಲ್ಲಿ ಜನ ದಟ್ಟವಾಗಿ ವ್ಯಾನು ನಿಂತಿತು. ಚಿಲ್ಲರೆ ಸಾಮಾನಿನ ಅಂಗಡಿಯ ಮುಂದೆ ನಿಂತಿದ್ದ ಹೆಂಗಸೊಬ್ಬಳು ಗಾಜಿನೊಳಕ್ಕೆ ಇಣುಕಿ, ಪಕ್ಕದವಳನ್ನು ಮೊಣಕೈಯಿಂದ ತಿವಿದು, ತನ್ನ ತಲೆಯ ಮೇಲೆ ಕೈ ಆಡಿಸಿ ತೋರಿಸಿ ಏನೋ ಅಂದಳು. ಇಬ್ಬರೂ ನಕ್ಕರು. ಮಗಳ ಮುಖಕ್ಕೆ ರಕ್ತ ನುಗ್ಗಿತು.

ಎದುರಿಗೆ ಕೂತಿದ್ದ ದೊಡ್ಡಮ್ಮ ಅದನ್ನು ನೋಡಿದಳು. ಮನೆ ಬಿಟ್ಟಾಗಿನಿಂದ ವಿಗ್ಗನ್ನು ಮಡಿಲಲ್ಲೇ ಹಿಡಿದು ಕೂತಿದ್ದಳು. ಈಗ ಅದನ್ನು ಸೀಟಿನ ಮೇಲಿಟ್ಟು ಎದ್ದು ಪರದೆಗೆ ಕೈ ಹಾಕಿದಳು. ಮಗಳು ತಡೆಯಲು ಕೈ ಚಾಚಿದಳು. ದೊಡ್ಡಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಪರದೆಯನ್ನು ಗಾಜಿನ ಅಂಚಿನವರೆಗೂ ಎಳೆದು ತೆರೆದಳು. ಬಿಸಿಲು ತಂಗಿಯ ಬರಿ ನೆತ್ತಿಯ ಮೇಲೆ ಬಿತ್ತು. ಹೊರಗಿನ ಹೆಂಗಸು ನಗು ನಿಲ್ಲಿಸಿ ಕಣ್ಣು ಕೆಳಗೆ ಹಾಕುವವರೆಗೂ ದೊಡ್ಡಮ್ಮ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು.