ಹರಳು ಒಣಗಿಸಲಾಗಿದೆ

ಆ ವಾರ ಲಾರಿ ಡ್ರೈವರುಗಳು ಪ್ರಯೋಗಾಲಯದ ಕಿಟಕಿಗೆ ಬಂದು ನನಗೆ ಥ್ಯಾಂಕ್ಸ್ ಹೇಳತೊಡಗಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹದಿನೇಳು ವರ್ಷದಿಂದ ತೊಬೊಲ್ ನದಿಯ ದಂಡೆಯ ಈ ಕಣಜದಂಗಳದಲ್ಲಿ ಗೋಧಿಯ ತೇವ ಅಳೆಯುತ್ತಿದ್ದೇನೆ. ಆರು ವರ್ಷದಿಂದ ಪ್ರಯೋಗಾಲಯದ ಮುಖ್ಯಸ್ಥೆ. ಡ್ರೈವರುಗಳಿಂದ ನನಗೆ ಸಿಗುವುದು ಶಾಪವೇ. ತೇವ ನೂರಕ್ಕೆ ಹದಿನಾಲ್ಕರೊಳಗೆ ಇದ್ದರೆ ಲಾರಿ ನೇರವಾಗಿ ಕಣಜಕ್ಕೆ ಹೋಗುತ್ತದೆ. ಮೇಲಿದ್ದರೆ ಒಣಗಿಸುವ ಯಂತ್ರದ ಸಾಲಿಗೆ, ಅಲ್ಲಿ ಎರಡು ದಿನ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಬೇಕು. ಹಸಿ ಕಾಳನ್ನು ಕಣಜಕ್ಕೆ ಸುರಿದರೆ ಅದು ಒಳಗೊಳಗೇ ಬಿಸಿಯೇರುತ್ತದೆ, ಮುಗ್ಗುತ್ತದೆ, ಹೊತ್ತಿಕೊಂಡದ್ದೂ ಉಂಟು. ಹಾಗಾಗಿ ನಾನು ಯಾರ ಮುಖವನ್ನೂ ನೋಡುವವಳಲ್ಲ. ಸ್ವಂತ ಮೈದುನನ ಲಾರಿಯನ್ನೇ ಹದಿನಾಲ್ಕು ಪಾಯಿಂಟ್ ಎರಡು ಬಂತೆಂದು ಸಾಲಿಗೆ ಕಳಿಸಿದ್ದೆ. ಆ ವರ್ಷ ಅವನು ಹಬ್ಬಕ್ಕೆ ನಮ್ಮ ಮನೆಗೆ ಬರಲಿಲ್ಲ. ಬರದಿದ್ದರೆ ಬಿಡಲಿ, ಕುದುರೆ ಮಾಂಸ ಉಳಿಯಿತು ಎಂದುಕೊಂಡೆ.

ಆ ಸೆಪ್ಟೆಂಬರಿನಲ್ಲಿ ಹತ್ತು ದಿನ ಮಳೆ ಬಿಡಲಿಲ್ಲ. ನಿಂತದ್ದೇ ತಡ, ಲಾರಿಗಳು ಒಟ್ಟಿಗೆ ನುಗ್ಗಿದವು. ಕೈಯಲ್ಲಿ ಹಿಡಿದು ನೋಡುವ ಮೀಟರು ಕೆಟ್ಟು ರಿಪೇರಿಗೆ ಹೋಗಿತ್ತು. ಎಲ್ಲವನ್ನೂ ಹಳೆಯ ಕ್ರಮದಲ್ಲೇ ಮಾಡಬೇಕಾಯಿತು. ಕಾಳನ್ನು ಪುಡಿ ಮಾಡಿ, ಐದೈದು ಗ್ರಾಂ ಎರಡು ಅಲ್ಯೂಮಿನಿಯಂ ಡಬ್ಬಿಗಳಿಗೆ ಹಾಕಿ, ನೂರಮೂವತ್ತು ಡಿಗ್ರಿಯ ಒಲೆಯಲ್ಲಿ ನಲವತ್ತು ನಿಮಿಷ ಇಟ್ಟು, ತಣ್ಣಗಾದ ಮೇಲೆ ಮತ್ತೆ ತೂಗುವುದು. ಎಷ್ಟು ತೂಕ ಕಳೆಯಿತೋ ಅಷ್ಟು ತೇವ.

ಡಬ್ಬಿಗಳು ತಣ್ಣಗಾಗುವುದು ಮುಚ್ಚಳವಿರುವ ದಪ್ಪ ಗಾಜಿನ ಎರಡು ಪಾತ್ರೆಗಳಲ್ಲಿ. ಅವುಗಳ ತಳದಲ್ಲಿ ಸಿಲಿಕಾ ಹರಳುಗಳಿರುತ್ತವೆ. ಪಾತ್ರೆಯೊಳಗಿನ ಗಾಳಿಯ ತೇವವನ್ನೆಲ್ಲ ಅವು ಕುಡಿದುಬಿಡುತ್ತವೆ, ಇಲ್ಲದಿದ್ದರೆ ಒಣಗಿದ ಹಿಟ್ಟು ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಕುಡಿಯುವ ಶಕ್ತಿ ಇರುವವರೆಗೆ ಹರಳು ನೀಲಿ. ಹೊಟ್ಟೆ ತುಂಬಿತೆಂದರೆ ಗುಲಾಬಿ. ಆಗ ಒಲೆಗಿಟ್ಟು ಒಣಗಿಸಿದರೆ ಮತ್ತೆ ನೀಲಿ. ಪ್ರತಿ ಸೋಮವಾರ ಹೀಗೆ ಮಾಡಿ, ದಾಖಲೆ ಪುಸ್ತಕದಲ್ಲಿ ‘ಹರಳು ಒಣಗಿಸಲಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಅದು ನನ್ನ ಕೆಲಸ.

ತೂಗುವ ಕೆಲಸ ಒರಿನ್ಶಾಳದು. ಐವತ್ತೊಂಬತ್ತು ವರ್ಷದ ಹೆಂಗಸು, ಮೂವತ್ತನಾಲ್ಕು ವರ್ಷದಿಂದ ಅದೇ ತಕ್ಕಡಿಯ ಮುಂದೆ ಕೂತವಳು. ನನಗೆ ಕೆಲಸ ಕಲಿಸಿದವಳೂ ಅವಳೇ. ಗಿರಣಿಯ ಹಿಟ್ಟಿನಲ್ಲಿ ತೌಡು ಎಷ್ಟು ಸೇರಿದೆಯೆಂದು ತಿಳಿಯಲು ಅದನ್ನು ಸುಟ್ಟು ಬೂದಿ ತೂಗುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಬೂದಿಯಲ್ಲಿ ಸಾಸಿವೆಯಷ್ಟು ಕಪ್ಪು ಉಳಿದರೂ ಮೂಸೆಯನ್ನು ಮತ್ತೆ ಕುಲುಮೆಗೆ ತಳ್ಳುತ್ತಿದ್ದಳು. ಬೇಸಿಗೆಯಲ್ಲಿ ಅವಳು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದ ದಿನವೇ ನಮ್ಮ ಡೈರೆಕ್ಟರ್ ಕೈರ್ಗೆಲ್ದಿ ನನ್ನನ್ನು ಪಕ್ಕಕ್ಕೆ ಕರೆದು, ಇವಳಿಂದ ಒಂದೇ ಒಂದು ತಪ್ಪಾಗಲಿ, ಅವತ್ತೇ ಮನೆಗೆ ಕಳಿಸುತ್ತೇನೆ ಎಂದಿದ್ದ. ಅದು ಒರಿನ್ಶಾಳ ಕಿವಿಗೂ ಬಿದ್ದಿತ್ತು. ಪಿಂಚಣಿಗೆ ಇನ್ನೂ ಎರಡು ವರ್ಷವಿತ್ತು. ಗಂಡ ಸತ್ತ ಮೇಲೆ ಈ ಬಿಳಿ ಕೋಟು ಬಿಟ್ಟರೆ ಅವಳಿಗೆ ಬೆಳಿಗ್ಗೆ ಎದ್ದು ಹೊರಡಲು ಬೇರೆ ಜಾಗವೂ ಇರಲಿಲ್ಲ.

ತಿಂಗಳ ಕೊನೆಯ ಶುಕ್ರವಾರ ಪಕ್ಕದ ಹಿಟ್ಟಿನ ಗಿರಣಿಯ ಪಂತೆಲೇಯ್ ಬಾಗಿಲು ದೂಡಿಕೊಂಡು ಬಂದ. ಮೇಲ್ದರ್ಜೆಯ ಹಿಟ್ಟಿನಲ್ಲಿ ನೂರು ಗ್ರಾಂಗೆ ಅರ್ಧ ಗ್ರಾಂ ಬೂದಿ, ಅದರ ಮೇಲೆ ಕೂದಲೆಳೆಯಷ್ಟು ಮಾತ್ರ ಹೆಚ್ಚಿರಬಹುದು. ಮೂರು ದಿನದಿಂದ ನಾವು ಅದಕ್ಕಿಂತ ಹೆಚ್ಚು ಬರೆದು ಅವನ ಹಿಟ್ಟನ್ನು ಕೆಳದರ್ಜೆಗೆ ಇಳಿಸುತ್ತಿದ್ದೆವು.

"ಗೋಧಿ ಅದೇ, ಯಂತ್ರ ಅದೇ, ಜರಡಿ ಅದೇ," ಎಂದ. "ಲಾರಿಯವ್ರಿಗೆಲ್ಲ ಒಣಾ ಅಂತ ಬರ್ಕೊಡ್ತೀರ, ನನ್ ಮುಖಕ್ಕೆ ಮಾತ್ರ ಬೂದಿ ಬಳೀತೀರ. ಹಿಟ್ಟಿಗೆ ನಾನೇನು ನಮ್ಮಜ್ಜಿ ಒಲೆ ಗುಡಿಸಿ ಹಾಕ್ತೀನಾ?"

ಜರಡಿ ಹರಿದಿರಬೇಕು ಹೋಗಿ ನೋಡು ಎಂದು ಅವನನ್ನು ಬೈದು ಕಳಿಸಿದೆ. ಮೂಗಿನ ಮೇಲೆ ಕೋಪ ಇರುವವಳು ನಾನು. ಆದರೆ ಹಾಲು ಹಾಕಿದ ಚಹಾ ಹಿಡಿದು ಕೂತಾಗ ಅವನ ಮಾತೇ ತಲೆಯಲ್ಲಿ ತಿರುಗತೊಡಗಿತು. ಗೋಧಿ ಒಣಾ, ಹಿಟ್ಟು ಕೊಳಕು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಎರಡರಲ್ಲೂ ಕೊನೆಗೆ ತೂಗುವುದು ಬೆಂಕಿಯಿಂದ ಹೊರಬಂದ ವಸ್ತುವನ್ನು. ಅದು ಇರಬೇಕಾದ್ದಕ್ಕಿಂತ ಭಾರವಾಗಿದ್ದರೆ? ಒಣಗಿಸಿದ ಹಿಟ್ಟು ಭಾರ ಬಂದರೆ ತೇವ ಕಡಿಮೆ ಎನಿಸುತ್ತದೆ. ಬೂದಿ ಭಾರ ಬಂದರೆ ಬೂದಿ ಹೆಚ್ಚು ಎನಿಸುತ್ತದೆ. ಎರಡೂ ತಣ್ಣಗಾಗುವುದು ಅದೇ ಗಾಜಿನ ಪಾತ್ರೆಗಳಲ್ಲಿ.

ಒರಿನ್ಶಾ ಊಟಕ್ಕೆ ಹೋಗುವುದನ್ನೇ ಕಾದು, ಎರಡೂ ಪಾತ್ರೆಗಳನ್ನು ಕಿಟಕಿಯ ಬೆಳಕಿಗೆ ಎಳೆದೆ. ಹರಳು ಗುಲಾಬಿಯಾಗಿತ್ತು, ಮೇಲಿನಿಂದ ತಳದವರೆಗೂ.

ದಾಖಲೆ ಪುಸ್ತಕ ತೆರೆದೆ. ಸೆಪ್ಟೆಂಬರಿನ ನಾಲ್ಕು ಸೋಮವಾರ, ನಾಲ್ಕು ಸಲ ‘ಹರಳು ಒಣಗಿಸಲಾಗಿದೆ’, ನಾಲ್ಕೂ ನನ್ನ ಸಹಿ. ಸುಗ್ಗಿ ಶುರುವಾದರೆ ಬರೆಯಲು ಪುರುಸೊತ್ತಿರುವುದಿಲ್ಲವೆಂದು ತಿಂಗಳ ಮೊದಲ ದಿನವೇ ಕೂತು ಇಡೀ ತಿಂಗಳಿನ ಸಹಿ ಹಾಕಿಬಿಡುವುದು ನನ್ನ ರೂಢಿ. ಬರೆಯುವುದು ಮೊದಲು, ಮಾಡುವುದು ಆಮೇಲೆ. ಪ್ರತಿ ವರ್ಷ ಆಮೇಲೆ ಮಾಡುತ್ತಲೂ ಇದ್ದೆ. ಈ ವರ್ಷ ಮಳೆಯ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು, ಒಂದಲ್ಲ, ಎರಡು ಸೋಮವಾರ.

ಮರುದಿನ ಒರಿನ್ಶಾಳ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ನೀನು ಈಗಲೇ ಹೊರಡು ಅಕ್ಕಾ, ಬೌರ್ಸಾಕ್ ಉಂಡೆ ಕರಿಯೋದು ಯಾವಾಗ ಎಂದು ಅವಳನ್ನು ಮಧ್ಯಾಹ್ನವೇ ಕಳಿಸಿಬಿಟ್ಟೆ. ಎಷ್ಟು ಒಳ್ಳೆಯವಳೇ ನೀನು ಎಂದು ಅವಳು ನನ್ನ ಕೆನ್ನೆ ತಟ್ಟಿ ಹೋದಳು. ಒಲೆಯಲ್ಲಿ ಜಾಗವಿದ್ದದ್ದು ಒಂದು ಪಾತ್ರೆಯ ಹರಳಿಗೆ ಮಾತ್ರ. ಅದನ್ನು ಒಣಗಿಸಿ ನೀಲಿ ಮಾಡಿದೆ. ಇನ್ನೊಂದು ಪಾತ್ರೆಯನ್ನು, ಆಮೇಲೆ ಒಣಗಿಸಿದರಾಯಿತೆಂದು, ಕೆಳಗಿನ ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕಿದೆ.

ಪ್ರತಿ ಲಾರಿಯ ಗೋಧಿಯಿಂದ ಒಂದೊಂದು ಹಿಡಿ ತೆಗೆದು ಬಿಗಿ ಮುಚ್ಚಳದ ಜಾಡಿಯಲ್ಲಿ ಇಟ್ಟಿರುತ್ತೇವೆ. ಶನಿವಾರ ಬೆಳಗಿನಿಂದ ಒಬ್ಬಳೇ ಕೂತು ಆ ಮೂರು ದಿನದ ಮೂವತ್ತೆಂಟು ಜಾಡಿಗಳನ್ನೂ ಮತ್ತೆ ನೋಡಿದೆ. ಹದಿನಾಲ್ಕು ಪಾಯಿಂಟ್ ಆರು. ಹದಿನಾಲ್ಕು ಪಾಯಿಂಟ್ ಒಂಬತ್ತು. ಹದಿನೈದು. ಇಪ್ಪತ್ತೊಂಬತ್ತು ಲಾರಿ ಹಸಿ ಗೋಧಿಯನ್ನು ನಾನು ಒಣಾ ಎಂದು ಒಳಗೆ ಬಿಟ್ಟಿದ್ದೆ. ಎಲ್ಲವೂ ಹೋಗಿದ್ದು ನಾಲ್ಕನೇ ಕಣಜಕ್ಕೆ.

ಕಣಜದೊಳಗಿನ ಬಿಸಿ ತೋರಿಸುವ ಮುಳ್ಳು ಶನಿವಾರ ಸಂಜೆ ಹತ್ತೊಂಬತ್ತರಲ್ಲಿತ್ತು. ಆಗಲೇ ಡೈರೆಕ್ಟರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾಕಾಯಿತು ಎಂದು ಕೇಳುತ್ತಾನೆ. ಭಾನುವಾರ ಮೂರು ಸಲ ಮೆಟ್ಟಿಲು ಹತ್ತಿ ಹೋಗಿ ಮುಳ್ಳು ನೋಡಿದೆ. ಇಪ್ಪತ್ತು. ಇಪ್ಪತ್ತೊಂದು. ಮತ್ತೆ ಇಪ್ಪತ್ತೊಂದು. ನಿಂತಿತೇನೋ ಎಂದು ಆಸೆಯಾಯಿತು. ಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಬಂದ ಹಬೆಗೂ ಬೆಚ್ಚಿಬಿದ್ದೆ. ಸೋಮವಾರ ಬೆಳಿಗ್ಗೆ ಮುಳ್ಳು ಇಪ್ಪತ್ತಾರಕ್ಕೆ ಬಂದು ನಿಂತಿತ್ತು. ಮೇಲಿನ ಕಿಂಡಿಯಲ್ಲಿ ಮೂಗಿಟ್ಟರೆ ಬಾರ್ಲಿ ಹುಳಿ ಬಂದಂಥ ವಾಸನೆ. ಇಳಿದು ಸೀದಾ ಡೈರೆಕ್ಟರ್ ಕೋಣೆಗೆ ಹೋಗಿ, ನಾಲ್ಕನೇ ಕಣಜದ ಗೋಧಿ ಹಸಿ ಇದೆ, ಈಗಲೇ ತೆಗೆದು ಒಣಗಿಸಬೇಕು ಎಂದೆ.

ಕೈರ್ಗೆಲ್ದಿಗೆ ಬಾಯಿ ದೊಡ್ಡದು, ಆದರೆ ಕೆಲಸ ಗೊತ್ತು. ಒಂದು ಮಾತೂ ಕೇಳದೆ ಫೋನೆತ್ತಿ ಯಂತ್ರ ಹೊತ್ತಿಸಲು ಹೇಳಿದ. ಹತ್ತು ನಿಮಿಷದಲ್ಲಿ ಗೋಧಿ ಹೊರಗೆ ಹರಿಯುವ ಸದ್ದು ಕೇಳಿಸಿತು. ಗೋಧಿ ಉಳಿಯಿತು ಎಂದು ನಾನು ಉಸಿರುಬಿಟ್ಟೆ. ಆಮೇಲೆ ಅವನು ಕೇಳಿದ, ಹೀಗೆ ಹೇಗಾಯಿತು?

ಎರಡನೇ ಸಲ ನೋಡಿದಾಗ ಹೆಚ್ಚು ಬಂತು ಎಂದೆ. ಅದು ಸುಳ್ಳಲ್ಲ. ಅವನು ದಾಖಲೆ ಪುಸ್ತಕ ತರಿಸಿ ಸಾಲಿನ ಮೇಲೆ ಬೆರಳಿಟ್ಟು ಓದಿದ. ಒಲೆಯ ಬಿಸಿ ಸರಿ. ತಕ್ಕಡಿಯ ಪರೀಕ್ಷೆ ಆಗಿದೆ. ಹರಳು ಒಣಗಿಸಲಾಗಿದೆ. ಅದರಾಚೆ ತೂಕದ ಕಾಲಂ, ಪ್ರತಿ ಸಾಲಿಗೂ ಒರಿನ್ಶಾಳ ಪುಟ್ಟ ಸಹಿ.

"ಹಾಗಾದ್ರೆ ಉಳಿದಿದ್ದು ಆ ಮುದುಕಿ ಕಣ್ಣೊಂದೇ," ಎಂದ.

ಒರಿನ್ಶಾಳನ್ನು ಕರೆಸಿದ. ಅವಳು ಜಗಳವಾಡುತ್ತಾಳೆ, ಆಗ ಮಾತು ತಾನಾಗಿ ಹೊರಬೀಳುತ್ತದೆ ಎಂದು ನಾನು ಕಾದೆ. ಅವಳು ಎಷ್ಟು ಲಾರಿ ಎಂದಷ್ಟೇ ಕೇಳಿದಳು. ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದಳು.

"ನಂಗೇ ಅನುಮಾನ ಇತ್ತು ತಮ್ಮಾ," ಎಂದಳು. "ನಾನೇ ಬಂದು ಹೇಳ್ಬೇಕಿತ್ತು. ಭಯ ಆಯ್ತು."

ಅವಳು ಹಾಗೆ ಒಪ್ಪಿಕೊಂಡದ್ದು ನೋಡಿ ಕೈರ್ಗೆಲ್ದಿ ಕೂಡ ಮೆತ್ತಗಾದ. ನೀನೇ ರಾಜೀನಾಮೆ ಬರೆದುಕೊಡು, ಕಾಗದದಲ್ಲಿ ಕೆಟ್ಟ ಮಾತು ಬರೆಸುವುದಿಲ್ಲ ಎಂದ. ನಾನು ಬಾಗಿಲ ಬಳಿ ನಿಂತೇ ಇದ್ದೆ. ಆಗ ನನಗೆ ಆದದ್ದು ಸಮಾಧಾನ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ತನ್ನ ಲೋಟ, ಉಣ್ಣೆಯ ಅಂಗಿ, ಒಳಗೆ ಹಾಕುವ ಚಪ್ಪಲಿಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದಳು. ನಾನು ಹಿಂದೆಯೇ ಹೋದೆ. ಏನಾದರೂ ಹೇಳಬೇಕಲ್ಲ, ಏನು ಅನುಮಾನ ಇತ್ತು ಅಕ್ಕಾ ಎಂದು ಕೇಳಿದೆ.

"ಬುಧವಾರ ಪಾತ್ರೆ ಮುಚ್ಚಳ ತೆಗೆದ್ರೆ ಹರಳು ಗುಲಾಬಿಯಾಗಿ ಕಾಣಿಸ್ತು ಕಣೇ," ಎಂದಳು, ಚೀಲದಿಂದ ತಲೆಯೆತ್ತದೆ. "ನಿಂಗೆ ಹೇಳೋಣ ಅಂತ ಪುಸ್ತಕ ತೆಗೆದೆ. ಸೋಮವಾರವಷ್ಟೇ ಒಣಗಿಸಿದೀಯ ಅಂತ ನಿನ್ ಸಹಿ ಇತ್ತು. ನೀನು ಮೈದುನನ್ನೇ ಬಿಡದೋಳು, ಸುಳ್ಳು ಬರೀತೀಯಾ? ಸರಿ, ನನ್ ಕಣ್ಣೇ ಹೋಯ್ತು ಅಂದ್ಕೊಂಡೆ. ಇವತ್ತು ನೋಡಿದ್ರೆ ಅದೇ ಹರಳು ನೀಲಿ. ಒಂದ್ ದಿನ ಹಾಗೆ, ಒಂದ್ ದಿನ ಹೀಗೆ. ಇಂಥ ಕಣ್ಣಿಟ್ಕೊಂಡು ತೂಕ ಹೆಂಗೆ ಓದ್ಲಿ?"

ಅವಳು ಚೀಲದ ಬಾಯಿ ಕಟ್ಟಿದಳು.

"ಶನಿವಾರ ಕಸೂತಿ ದಾರದ ಪೆಟ್ಟಿಗೇನೂ ಸೊಸೆಗೆ ಕೊಟ್ಬಿಟ್ಟೆ. ಬಣ್ಣ ಗೊತ್ತಾಗ್ದೋಳಿಗೆ ಯಾಕದು."

ಐದು ದಿನ. ಐದು ದಿನದಿಂದ ಈ ಹೆಂಗಸು ತಾನು ಕುರುಡಿಯಾಗುತ್ತಿದ್ದೇನೆ ಎಂದುಕೊಂಡು ನನ್ನ ಪಕ್ಕದಲ್ಲೇ ಚಹಾ ಕುಡಿದಿದ್ದಳು, ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ್ದಳು. ಕಣ್ಣೆದುರಿಗೆ ಇದ್ದದ್ದನ್ನು ಬಿಟ್ಟು ನನ್ನ ಸಹಿಯನ್ನು ನಂಬಿದ್ದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಾ ಎಂದು ಅವಳ ತೋಳು ಹಿಡಿದು ಎಳೆದುಕೊಂಡು ಹೋದೆ. ಪ್ರಯೋಗಾಲಯದ ಕಪಾಟು ತೆರೆದು, ಬಚ್ಚಿಟ್ಟಿದ್ದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಡೈರೆಕ್ಟರ್ ಕೋಣೆಗೆ ನುಗ್ಗಿ ಮೇಜಿನ ಮೇಲೆ ಇಟ್ಟೆ.

ಎಲ್ಲವನ್ನೂ ಹೇಳಿದೆ. ಒಂದನೇ ತಾರೀಖು ಕೂತು ಬರೆದದ್ದು, ಮರೆತದ್ದು, ಶುಕ್ರವಾರ ಕದ್ದು ಒಣಗಿಸಿದ್ದು, ಎರಡು ದಿನ ಬಾಯಿ ಮುಚ್ಚಿಕೊಂಡದ್ದು. ಕೈರ್ಗೆಲ್ದಿಯ ಮುಖ ಕೆಂಪಾಯಿತು.

"ಈ ಪುಸ್ತಕದಲ್ಲಿ ಇಂಥ ಸಹಿ ಇನ್ನೆಷ್ಟಿದೆ?"

"ಪ್ರತಿ ಸುಗ್ಗೀದೂ."

ಆರು ವರ್ಷ ಈ ಸಹಿ ನಂಬಿ ಗೋಧಿ ಕಳಿಸಿದೆನಲ್ಲ, ಈಗ ಯಾರಿಗೆ ಏನೆಂದು ಉತ್ತರ ಕೊಡಲಿ ಎಂದು ಅವನು ಕೂಗಾಡಿದ. ಇವತ್ತಿನಿಂದ ನೀನು ಮುಖ್ಯಸ್ಥೆಯಲ್ಲ, ಇಲ್ಲಿ ಇರುತ್ತೀಯೋ ಇಲ್ಲವೋ ಎಂಬುದನ್ನೂ ನಾಳೆ ಹೇಳುತ್ತೇನೆ ಎಂದ.

ಒರಿನ್ಶಾ ಅದೊಂದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿ ಪಾತ್ರೆಯೊಳಗೆ ನೋಡಿದಳು. ಕನ್ನಡಕ ತೆಗೆದು ನೋಡಿದಳು, ಮತ್ತೆ ಹಾಕಿಕೊಂಡು ನೋಡಿದಳು.

"ತಮ್ಮಾ, ಒಂದ್ ನಿಮಿಷ ಸುಮ್ನಿರು," ಎಂದಳು. "ನಿನ್ ಕಣ್ಣಿಗೆ ಇದು ಯಾವ ಬಣ್ಣ?"

"ಗುಲಾಬಿ," ಎಂದ ಅವನು ಸಿಟ್ಟಿನಲ್ಲೇ. "ಇನ್ಯಾವ ಬಣ್ಣ?"

ಅವಳು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು, ಬಿಳಿ ಕೋಟಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ನಾನು ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟೆ. ಅವಳು ಮುಖ ಎತ್ತದೆಯೇ ನನ್ನ ಕೈಯನ್ನು ತೆಗೆದು ಪಕ್ಕಕ್ಕೆ ಸರಿಸಿದಳು.