ಮುನೇಶ್ವರನಿಗೆ ನೆರಳು ಹುಡುಕಿದ್ದು

ದೇವರೇ ಬಿಸಿಲಲ್ಲಿ ಕೂತ ಮೇಲೆ ಪೂಜಾರಿಗೆ ನೆರಳೆಲ್ಲಿಯದು? ಮಹದೇವಪುರದ ಚಿಕ್ಕಮುನಿಯಪ್ಪನವರಿಗೆ ಆ ವರ್ಷ ಬಂದ ಸಂಕಟ ಇದು. ಆಷಾಢದ ಗಾಳಿಗೆ ಮುನೇಶ್ವರನ ಕಟ್ಟೆಯ ಮುದಿ ಗೋಣಿಮರ ಉರುಳಿತು. ದೇವರ ಕಲ್ಲಿಗೆ ಕೂದಲೂ ಕೊಂಕಲಿಲ್ಲ. ಬೇಲಿಯಾಚೆಯ ಟೆಕ್ ಪಾರ್ಕಿನ ಬೋರ್ಡು ಮಾತ್ರ ಮುನೇಶ್ವರನ ಕಡೆಗೇ ತಲೆ ಮಾಡಿ ಅಡ್ಡಬಿದ್ದಿತ್ತು.

ಹೊಸ ಮರ ನೆಟ್ಟರಾಯಿತಲ್ಲ ಎನ್ನಬಹುದು. ಆಗದು. ಆ ದೇವರ ನೆರಳಿಗೆ ಬರುವ ಗೋಣಿಯ ಬೀಜವನ್ನು ಮನುಷ್ಯನ ಕೈ ಬಿತ್ತಿರಬಾರದು. ಎಲ್ಲೋ ತಾನಾಗಿ ಹುಟ್ಟಿದ ಸಸಿಯನ್ನು ಹುಡುಕಿ, ಬುಡದ ಮಣ್ಣಿನೊಡನೆ ತಂದು ನೆಡಬೇಕು. ವರ್ಷ ತುಂಬುವುದರೊಳಗೆ ತರದಿದ್ದರೆ ಪೂಜೆಯ ಹಕ್ಕು ದಾಯಾದಿ ಮನೆಗೆ ಹೋಗುತ್ತದೆ. ದಾಯಾದಿ ನರಸಪ್ಪ ಆಗಲೇ ಹೊಸ ಗಂಟೆ ತಂದಿಟ್ಟುಕೊಂಡು, ಚಿಕ್ಕಮುನಿಯಪ್ಪನವರು ಬೀದಿಗೆ ಬಂದಾಗಲೆಲ್ಲ ಒಮ್ಮೆ ಅಲ್ಲಾಡಿಸಿ ನೋಡುತ್ತಿದ್ದ.

ಮೂರು ತಿಂಗಳು ಅವರು ಗೋಡೆಯ ಬಿರುಕು, ಮೋರಿಯ ಅಂಚು, ಪಾಳುಬಾವಿ ಎಲ್ಲವನ್ನೂ ಇಣುಕಿದರು. ಅರಳಿ ಸಿಕ್ಕಿತು, ಆಲ ಸಿಕ್ಕಿತು, ಗೋಣಿ ಸಿಗಲಿಲ್ಲ.

"ಅಣ್ಣಾ, ಮರ ಸಿಕ್ತಾ? ಇಲ್ಲಾಂದ್ರೆ ಯೋಳು, ದೇವ್ರಿಗೆ ಒಂದು ಛತ್ರಿ ನಾನೇ ಕೊಡ್ತೀನಿ," ಎಂದ ನರಸಪ್ಪ.

ಮನೆಗೆ ಬಂದು ಜಗುಲಿಯ ಮೇಲೆ ಕುಸಿದ ಗಂಡನಿಗೆ ನೀರು ಕೊಟ್ಟು ರಾಮಮ್ಮ ಹೇಳಿದಳು: "ಬಿತ್ತೋರ್ನ ಓಡ್ಸ್‌ಬುಟ್ಟು ಪೈರು ಹುಡುಕಿದ್ರೆ ಎಲ್ಲಿ ಸಿಕ್ತದೆ?"

"ಯಾರ್ನ ಓಡ್ಸಿದ್ನೇ ನಾನು?"

ರಾಮಮ್ಮ ಗದ್ದದಲ್ಲೇ ಹಿತ್ತಲ ಹಿಪ್ಪೆಮರ ತೋರಿಸಿದಳು. ಮೂರು ವರ್ಷದ ಹಿಂದೆ ಅದರ ತುಂಬ ಬಾವಲಿಗಳು. ಇವರದೇ ಪಿಜಿ ಕಟ್ಟಡದ ಹುಡುಗರು ಒಣಗಲು ಹಾಕಿದ ಬಟ್ಟೆ ಹೊಲಸಾಗುತ್ತದೆಂದು ದೂರಿದರು. ಇವರ ಬಿಳಿ ಕಾರಿನ ಮೇಲೂ ಹಿಕ್ಕೆ ಬೀಳುತ್ತಿತ್ತು. ಚಿಕ್ಕಮುನಿಯಪ್ಪನವರು ಕೊಂಬೆಗೆ ನಾಲ್ಕು ಫೋಕಸ್ ಲೈಟು ಕಟ್ಟಿಸಿದರು. ವಾರದಲ್ಲಿ ಮರ ಖಾಲಿ.

"ನಮ್ಮಜ್ಜಿ ಯೋಳೋಳು," ಎಂದು ರಾಮಮ್ಮ ಕೂತಳು. "ದೇವ್ರು ಪ್ರಾಣಿಗಳ್ಗೆಲ್ಲ ಕೆಲ್ಸ ಹಂಚಿದ್ನಂತೆ. ಆನೆಗೆ ಕಾಡಲ್ಲಿ ದಾರಿ ಬಿಡ್ಸೋದು. ಹೆಗ್ಗಣಕ್ಕೆ ಮಣ್ಣು ತಿರುವೋದು. ಮುಂಗುಸಿಗೆ ಆ ಹೆಗ್ಗಣ ಮಿತಿ ಮೀರ್ದಂಗೆ ನೋಡ್ಕೊಳೋದು. ನರಿಗೆ ಸತ್ತಿದ್ದು ಚೊಕ್ಕ ಮಾಡೋದು. ಬಾವಲಿ ಮರಿಗೆ ಮೊಲೆ ಕುಡಿಸ್ಕಂಡು ತಡವಾಗಿ ಬಂತಂತೆ. ಉಳ್ದಿರೋ ಕೆಲ್ಸ ಒಂದೇ. 'ಹಣ್ಣು ತಿನ್ನು, ಹಾರು, ಕಂಡಲ್ಲಿ ಹಾಕು' ಅಂದ್ನಂತೆ ದೇವ್ರು. ಇಷ್ಟು ಸುಖದ ಕೆಲ್ಸಾನಾ ಅಂತ ಅದು ತಲೆಕೆಳ್ಗಾಗಿ ನಮಸ್ಕಾರ ಮಾಡ್ತು. ಇನ್ನೂ ಮೇಲೆದ್ದಿಲ್ಲ."

ಚಿಕ್ಕಮುನಿಯಪ್ಪನವರು ನಗಲಿಲ್ಲ. ಅಂದೇ ಲೈಟು ಬಿಚ್ಚಿಸಿ, ಮರಕ್ಕೆ ಅರಿಶಿನ ಕುಂಕುಮವಿಟ್ಟು, "ತಪ್ಪಾಯ್ತು ಸ್ವಾಮಿ, ಕೆಲ್ಸಕ್ಕೆ ಬನ್ನಿ," ಎಂದು ಕೈಮುಗಿದರು.

ಕಾರ್ತಿಕದಲ್ಲಿ ಎರಡು ಬಂದವು. ಸಂಕ್ರಾಂತಿಗೆ ಇಪ್ಪತ್ತಾದವು. ಬೆಳ್ಳಂದೂರು ಕಡೆ ಎಲ್ಲಿ ಗೋಣಿ ಹಣ್ಣಾಗಿತ್ತೋ, ಒಂದು ಬೆಳಿಗ್ಗೆ ಬಿಳಿ ಕಾರಿನ ಮೇಲೆ ಕಂದು ರಂಗೋಲಿ, ಅದರ ತುಂಬ ಸಾಸಿವೆಗಿಂತ ಸಣ್ಣ ಬೀಜ. ಪಿಜಿಯ ಲೋಕೇಶ್ ಬಕೆಟ್ ಹಿಡಿದು ಬಂದ.

"ಅಂಕಲ್, ನೋಡಕ್ಕಾಗ್ತಿಲ್ಲ. ತೊಳ್ದುಕೊಡ್ಲಾ?"

"ಮುಟ್ಟಬ್ಯಾಡ ಮಗಾ. ಪ್ರಸಾದ ಅದು."

ಲೋಕೇಶ್ ಮಾರನೆಯ ದಿನದಿಂದ ಅವರು ಕಟ್ಟೆಯ ಬಳಿ ಕೊಟ್ಟ ಪ್ರಸಾದವನ್ನೂ ಸ್ವಲ್ಪ ಮೂಸಿ ನೋಡಿಯೇ ತಿನ್ನುತ್ತಿದ್ದ.

ಕಾರು ಕದಲಲಿಲ್ಲ. ಟಿ. ದಾಸರಹಳ್ಳಿಯ ಮದುವೆಗೂ ಗಂಡಹೆಂಡತಿ ಬಸ್ಸಿನಲ್ಲೇ ನೇತಾಡಿಕೊಂಡು ಹೋದರು. ಮುಂದಿನ ಗಾಜಿನ ಬುಡದ ಸಂದಿಯಲ್ಲಿ ಹಿಪ್ಪೆ ಎಲೆ ಉದುರಿ, ಕೊಳೆತು, ಮಣ್ಣಾಯಿತು. ಭರಣಿ ಮಳೆ ಬಿತ್ತು. ಹತ್ತನೆಯ ದಿನ ವೈಪರಿನ ಪಕ್ಕದಲ್ಲಿ ಎರಡೆಲೆ ಇಣುಕಿದವು. ಮೂರನೆಯ ಎಲೆ ಬಂದಾಗ ಚಿಕ್ಕಮುನಿಯಪ್ಪನವರು ಕನ್ನಡಕ ಹಾಕಿಕೊಂಡು ಬಾಗಿದರು. ಎಲೆಯ ಮೇಲೆ ಕಂದು ನವಿರು. ಗೋಣಿ! ಅವರು ಬಾನೆಟ್ಟಿಗೆ ಹಣೆ ಮುಟ್ಟಿಸಿದರು.

ಗಡುವಿಗೆ ಎರಡು ದಿನ ಉಳಿದಿರುವಾಗ, ವೈಪರುಗಳನ್ನು ದಾರದಿಂದ ಬಿಗಿದು, ಓಲಗದವರ ಹಿಂದೆ ಕಾಲ್ನಡಿಗೆಯ ವೇಗದಲ್ಲಿ ಕಾರು ಹೊರಟಿತು. ರಾಮಮ್ಮ ಪಕ್ಕದಲ್ಲಿ ನಡೆಯುತ್ತ ಬಾನೆಟ್ಟಿನ ಮೇಲೆ ಛತ್ರಿ ಹಿಡಿದಿದ್ದಳು. ಹಿಂದೆ ಅರ್ಧ ಮೈಲಿ ಆಫೀಸು ಬಸ್ಸುಗಳು ಹಾರನ್ ಹೊಡೆಯುತ್ತ ಓಲಗಕ್ಕೆ ಶ್ರುತಿ ಕೊಟ್ಟವು.

ಕಟ್ಟೆಯ ಬಳಿ ನರಸಪ್ಪ ಅಡ್ಡ ನಿಂತ. "ಕಾರಲ್ಲಿ ಬೆಳ್ದಿದ್ದು ತಾನಾಗಿ ಹುಟ್ಟಿದ್ದು ಎಂಗಾಗ್ತದೆ? ಕಾರು ಮನುಷ್ಯ ಮಾಡಿದ್ದು."

ಊರಿನ ಹಿರಿಯ ಬೈರಪ್ಪನವರು ಗಡ್ಡ ತುರಿಸಿಕೊಂಡರು. ಉತ್ತರ ಬಂದದ್ದು ಛತ್ರಿಯ ಕಡೆಯಿಂದ.

"ಗೋಡೆ ಯಾರು ಮಾಡಿದ್ದಪ್ಪಾ? ಬಿದ್ದೋದ ಮರ ಕೂಡ ನಮ್ ಮಾವನ ಕಾಲ್ದಲ್ಲಿ ಗೋಡೆ ಸಂದೀಲೇ ಸಿಕ್ಕಿದ್ದಂತೆ. ಬಿತ್ತಿದ್ದು ಯಾರು ಅಂತ ನೋಡು. ದಿನಾ ನೂರು ಗಾಡಿ ಇಲ್ಲಿಗೆ ಬತ್ತವೆ, ನಿಂಬೆಹಣ್ಣು ತುಳೀತವೆ, ಕಾಪಾಡಪ್ಪಾ ಅಂತ ಕೇಳ್ಕಂಡು ಹೋಗ್ತವೆ. ಒಂದು ಗಾಡಿ ಏನೋ ಕೊಡಕ್ಕೆ ಬಂದದೆ. ಅದ್ನೂ ತಡೀತೀಯಾ?"

"ನೆಡ್ರಪ್ಪಾ," ಎಂದರು ಬೈರಪ್ಪನವರು.

ಬೆರಳುದ್ದದ ಸಸಿ ಮಣ್ಣಿಗಿಳಿಯಿತು. ಮಂಗಳಾರತಿಗೆ ಹಳೆ ಗಂಟೆಯ ನಾಲಿಗೆ ಕಳಚಿಬಿದ್ದಾಗ, ನರಸಪ್ಪ ಮನೆಗೆ ಹೋಗಿ ತನ್ನ ಹೊಸ ಗಂಟೆ ತಂದು ಬಾರಿಸಿದ. ಅದರ ನಾದ ಚೆನ್ನಾಗಿಯೇ ಇತ್ತು.

ಮಾರನೆಯ ಸಂಜೆ ಚಿಕ್ಕಮುನಿಯಪ್ಪನವರು ಹಿತ್ತಲಿಗೆ ಬಂದರೆ, ಹಿಪ್ಪೆಮರದ ಕೆಳಗೆ ತಮ್ಮ ಕಾರಿನ ಪಕ್ಕದಲ್ಲಿ ಇನ್ನೊಂದು ಕಾರು ನಿಂತಿತ್ತು. ನರಸಪ್ಪನದು. ಈಗಷ್ಟೇ ತೊಳೆದು ತಂದಂತಿತ್ತು.