ಅಧ್ಯಕ್ಷರ ಗಂಟಲು

ಒಳಗೆ ಕೂತವರಿಗೆ ಘೋಷಣೆ ಹೀಗೆ ಕೇಳಿಸುತ್ತದೆ ಎಂಬುದು ಮಲ್ಲಿಕಾಳಿಗೆ ಗೊತ್ತಾದದ್ದು ಇವತ್ತೇ. ಗೇಟಿನ ಹತ್ತಿರ ಗುಡುಗಿನ ಹಾಗೆ ಏಳುವ ಮಾತು ಅಂಗಳ ದಾಟಿ, ಗೋಡೆ ದಾಟಿ, ಫ್ಯಾನಿನ ಕಟಕಟ ದಾಟಿ ಅಧ್ಯಕ್ಷರ ಮೇಜಿನ ತನಕ ಬರುವಷ್ಟರಲ್ಲಿ ಪಕ್ಕದೂರಿನ ಮದುವೆಮನೆಯ ಮೈಕಿನಷ್ಟು ಮೆತ್ತಗಾಗಿರುತ್ತಿತ್ತು.

“ಬೇಕೇ ಬೇಕು!”

“ನ್ಯಾಯ ಬೇಕು,” ಎಂದುಬಿಟ್ಟಳು ಮಲ್ಲಿಕಾ. ಹಳೆಯ ರೂಢಿ. ಮೇಜಿನ ಕೆಳಗೆ ಬಲಗೈ ಮುಷ್ಟಿಯನ್ನೂ ಕಟ್ಟಿತ್ತು. ಎದುರಿಗೆ ಕೂತಿದ್ದ ಪಿಡಿಓ ಸೋಮನಾಥ್ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಏನೂ ಕೇಳಿಸದವರಂತೆ ಫೈಲಿನ ದಾರ ಬಿಚ್ಚತೊಡಗಿದರು. ಕೆಂಪು ಬಾವುಟದವರು ಅಧಿಕಾರಕ್ಕೆ ಬಂದರೂ ಕೆಂಪು ದಾರ ತನ್ನ ಅಧಿಕಾರ ಬಿಟ್ಟುಕೊಟ್ಟಿರಲಿಲ್ಲ.

“ಸಾರ್, ನಾವು ಹೊರಗೆ ಕೂಗ್ತಿದ್ದಾಗ ನೀವೆಲ್ಲ ಒಳಗೆ ಎಂತ ಮಾಡ್ತಿದ್ರಿ?” ಎಂದು ಕೇಳಿದಳು.

“ಎಂತ ಮಾಡೋದು ಮೇಡಂ? ಟೀ ಕುಡೀತಿದ್ವಿ.”

“ಹೆದರಿಕೆ ಆಗ್ತಿರ್ಲಿಲ್ವಾ?”

“ಟೀ ತಣ್ಣಗಾಗ್ತದೆ ಅಂತ ಒಂಚೂರು ಆಗ್ತಿತ್ತು. ಹಸಿವಾದ್ಮೇಲೆ ನೀವೇ ಎದ್ದು ಹೋಗ್ತಿದ್ರಲ್ಲ.”

ಸಿಟ್ಟು ಬರಬೇಕಾದ ಜಾಗದಲ್ಲಿ ಮಲ್ಲಿಕಾಳಿಗೆ ಇನ್ನೊಂದು ಪ್ರಶ್ನೆ ಬಂತು: ಸಕ್ಕರೆ ಹಾಕಿಯೋ, ಹಾಕದೆಯೋ? ಕೇಳಲಿಲ್ಲ.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ಒಳಗೆ ಹೊಕ್ಕರೆ ಸಿಗುವ ಕಾರೆಹಡ್ಲು ಪಂಚಾಯಿತಿಯಲ್ಲಿ ಈ ಸಲ ಎಸ್ಟೇಟ್ ಕೂಲಿಕಾರರ ಸಂಘದವರು ಒಂದೇ ಒಂದು ಸೀಟಿನ ಅಂತರದಿಂದ ಗೆದ್ದಿದ್ದರು. ಕಾಫಿ ಕೊಯ್ಯುತ್ತಿದ್ದ ಮಲ್ಲಿಕಾ ಅಧ್ಯಕ್ಷೆಯಾದಳು. ಕಮ್ಯುನಿಸ್ಟರ ಆಡಳಿತ ಎಂದರೆ ಹೇಗಿರಬಹುದು ಎಂದು ಸುತ್ತಲಿನವರಿಗೆಲ್ಲ ಸರ್ಕಸ್ ಡೇರೆ ಕಂಡ ಹಾಗೆ ಆಗಿತ್ತು. ಕೆಲಸವಿಲ್ಲದವರೂ ಬಂದು ಕಚೇರಿಯೊಳಗೆ ಇಣುಕಿ ಹೋಗುತ್ತಿದ್ದರು. ಬಾಳೆಹೊನ್ನೂರಿನಿಂದ ಬಂದು ಇಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗಂಗಾಧರ್ ನೆಟ್ಟಗೆ ಕೇಳಿಯೇಬಿಟ್ಟಿದ್ದರು: “ಮಲ್ಲಿಕಾ, ಹೇಳ್ಬಿಡು ಮಾರಾಯ್ತಿ. ಅಂಗಡಿ ಎರಡು ಬಾಗಿಲಲ್ಲಿ ನಂಗೆ ಒಂದು ಉಳಿಸ್ತೀರೊ, ಎರಡೂ ಸರ್ಕಾರಕ್ಕೊ?” ಮಲ್ಲಿಕಾ, “ಬಾಗಿಲು ನಿಮಗೇ ಇರ್ಲಿ ಗಂಗಾಧರಣ್ಣ, ತಕ್ಕಡಿ ಮಾತ್ರ ನಾವು ಹಿಡೀತೀವಿ,” ಎಂದಿದ್ದಳು. ಅವರು ಆಮೇಲೆ ಎರಡು ದಿನ ತೂಕವನ್ನು ಸ್ವಲ್ಪ ಹೆಚ್ಚೇ ಹಾಕಿದರಂತೆ.

ಅವಳಿಗೂ ಕುತೂಹಲ ಕಡಿಮೆ ಇರಲಿಲ್ಲ. ಕೊಪ್ಪದ ಅಧ್ಯಯನ ಶಿಬಿರದಲ್ಲಿ ರಾಜ್ಯಯಂತ್ರ, ರಾಜ್ಯಯಂತ್ರ ಎಂದು ಪದೇಪದೇ ಹೇಳಿದ್ದರು. ಅದು ಉಳ್ಳವರ ಕೈಯಲ್ಲಿದೆ, ಕಸಿದುಕೊಳ್ಳಬೇಕು ಎಂದಿದ್ದರು. ಅಧಿಕಾರ ವಹಿಸಿಕೊಂಡ ದಿನ ಅವಳು ಆ ಯಂತ್ರಕ್ಕಾಗಿ ಕೋಣೆಯೆಲ್ಲ ಹುಡುಕಿದ್ದಳು. ಸಿಕ್ಕಿದ್ದು ಒಂದು ಕಂಪ್ಯೂಟರ್, ಕೆಟ್ಟ ಜೆರಾಕ್ಸ್, ಬಾಗಿಲು ಹಾಕಿದರೆ ತಾನೇ ತೆರೆದುಕೊಳ್ಳುವ ಬೀರು, ಮತ್ತೆ ಒಂದು ಕರೆಗಂಟೆ. ಗಂಟೆ ಒತ್ತಿದರೆ ಜವಾನ ಧರ್ಮೇಶ್ ಬರುತ್ತಿದ್ದ. ನಿಜಕ್ಕೂ ಬರುತ್ತಾನೋ ಎಂದು ನೋಡಲೆಂದೇ ಅವಳು ಮೊದಲ ದಿನ ಮೂರು ಲೋಟ ನೀರು ಕುಡಿದಿದ್ದಳು.

ಯಂತ್ರ ನಡೆಯುವುದು ಸಹಿಯಿಂದ ಎಂದು ಆಮೇಲೆ ತಿಳಿಯಿತು.

ಎಸ್ಟೇಟ್ ಲೈನಿನ, ಅಂದರೆ ಕೂಲಿಕಾರರ ಸಾಲುಮನೆಗಳ ಜನರಿಗೆ ಕುಡಿಯುವ ನೀರು ಕೊಡುತ್ತೇವೆ ಎಂದೇ ಸಂಘದವರು ಓಟು ಕೇಳಿದ್ದರು. ಬೇಸಿಗೆಯಲ್ಲಿ ಹಳ್ಳದ ಗುಂಡಿಯ ನೀರು ಕುಡಿದು ಲೈನಿನ ಮಕ್ಕಳಿಗೆ ಸಾಲಾಗಿ ಕಾಮಾಲೆಯಾಗಿತ್ತು. ಟ್ಯಾಂಕ್ ಕಟ್ಟಬೇಕು, ಕಟ್ಟಲು ಎತ್ತರದ ಜಾಗ ಬೇಕು. ಒಂದು ಕಡೆ ಎಸ್ಟೇಟು, ಮೂರು ಕಡೆ ಅರಣ್ಯ ಇಲಾಖೆ. ನಡುವೆ ಉಳಿದದ್ದು ಒಂದು ಸರ್ಕಾರಿ ದಿಬ್ಬ. ಆ ದಿಬ್ಬದ ಮೇಲೆ ಸೀತಕ್ಕನ ಮನೆ.

ಸೀತಕ್ಕ ಸಂಘದ ಹಳೆ ತಲೆ. ಮಲ್ಲಿಕಾಳಿಗೆ ಬಾವುಟ ಹಿಡಿಯಲು, ಪೊಲೀಸರು ಎಳೆದರೆ ಮೈ ಭಾರ ಬಿಡಲು ಕಲಿಸಿದವಳು. ವಯಸ್ಸಾಯಿತೆಂದು ಎಸ್ಟೇಟಿನವರು ಲೈನಿನ ಮನೆ ಖಾಲಿ ಮಾಡಿಸಿದಾಗ ಸಂಘದವರೇ ಆ ದಿಬ್ಬದ ಮೇಲೆ ತಗಡಿನ ಮನೆ ಎಬ್ಬಿಸಿಕೊಟ್ಟಿದ್ದರು. ಶೀಟು ಹೊತ್ತು ದಿಬ್ಬ ಹತ್ತಿದವರಲ್ಲಿ ಮಲ್ಲಿಕಾಳೂ ಇದ್ದಳು. ಈಗ ಜಾಗ ತೆರವು ಮಾಡಲು ಹೇಳುವ ನೋಟೀಸಿಗೆ ಸಹಿ ಹಾಕಿದ್ದೂ ಅವಳೇ. ನೋಟೀಸು ಹೋಗುವ ಮೊದಲು ತಾನೇ ಹೋಗಿ ಹೇಳಬೇಕೆಂದಿದ್ದಳು. ಇವತ್ತು, ನಾಳೆ ಎನ್ನುವಷ್ಟರಲ್ಲಿ ಧರ್ಮೇಶ್ ತಲುಪಿಸಿ ಬಂದಿದ್ದ. ಯಾರೂ ಗಂಟೆ ಒತ್ತದೆ ಅವನು ಕೆಲಸ ಮಾಡಿದ್ದು ಅದೊಂದೇ ಸಲ.

“ಪಿಡಿಓ ದೌರ್ಜನ್ಯಕ್ಕೆ!”

“ಧಿಕ್ಕಾರ!”

ಸೋಮನಾಥ್ ಸಂಕಟದಿಂದ ನಕ್ಕರು. “ನಿಮಗೆ ಗೊತ್ತಿಲ್ದೆ ನಾನೇ ಕಳಿಸಿದ್ದು ಅಂತ ತಿಳ್ಕೊಂಡಿದಾರೆ. ನೀವೇ ಹೇಳ್ಬಿಡಿ ಮೇಡಂ. ಸೋಮವಾರ ಜೆಸಿಬಿ ಬರ್ತದೆ.”

ಮಲ್ಲಿಕಾ ಜಗುಲಿಗೆ ಬಂದಳು. ಗೇಟಿನೊಳಗೆ ಲೈನಿನ ಹೆಂಗಸರು, ನಾಲ್ಕು ಗಂಡಸರು, ಮುಂದುಗಡೆ ಸೀತಕ್ಕ. ಮಲ್ಲಿಕಾಳನ್ನು ಕಂಡದ್ದೇ ಎಲ್ಲರ ಮುಖ ಅರಳಿತು. ತಮ್ಮವಳು ಹೊರಗೆ ಬಂದಳು.

“ನೋಡೆ ಮಲ್ಲಿ, ನಿನ್ನ ಬೆನ್ನ ಹಿಂದೆ ಇವ್ರು ಎಂತ ಮಾಡಿದಾರೆ ನೋಡು!” ಸೀತಕ್ಕ ನೋಟೀಸನ್ನು ಎತ್ತಿ ಹಿಡಿದಳು. “ನಿನ್ನ ಸಹಿನೂ ಹಾಕ್ಕೊಂಡಿದಾರೆ ಕಳ್ಳರು!”

ಸಂಘದಲ್ಲಿ ಒಂದು ಪದ್ಧತಿಯಿತ್ತು. ಧರಣಿ ಮುಗಿದ ಮೇಲೆ ಮಂಡಕ್ಕಿ ಹಂಚುತ್ತಿದ್ದರು, ಆಮೇಲೆ ಮಲ್ಲಿಕಾ ‘ಸಾಹೇಬರ ಆಟ’ ಆಡಬೇಕಿತ್ತು. ಆ ದಿನ ಮನವಿ ತೆಗೆದುಕೊಂಡ ಅಧಿಕಾರಿ ಯಾರೋ, ಅವರು ಹೇಗೆ ಕೆಮ್ಮಿದರು, ಹೇಗೆ ಕನ್ನಡಕ ತೆಗೆದರು, ಇಲ್ಲ ಎನ್ನುವುದನ್ನು ಹೇಗೆ ಹೌದು ಎನ್ನುವಂತೆ ಹೇಳಿದರು, ಎಲ್ಲ ಅವಳ ಗಂಟಲಿನಲ್ಲಿ ಪುನಃ ಬರುತ್ತಿತ್ತು. ಹಳೆಯ ತಹಸೀಲ್ದಾರರೊಬ್ಬರದ್ದಂತೂ ವರ್ಷಗಟ್ಟಲೆ ಬೇಡಿಕೆಯಲ್ಲಿತ್ತು. ಸೋತು ಬಂದ ದಿನವೂ ಜನ ನಗುತ್ತ ಮನೆಗೆ ಹೋಗುತ್ತಿದ್ದರು.

ಮಲ್ಲಿಕಾ ಜಗುಲಿಯ ಕಂಬ ಹಿಡಿದುಕೊಂಡಳು. ಗಂಟಲು ಒಣಗಿತ್ತು. ಕೆಮ್ಮಿದಳು.

“ನೋಡಿ,” ಎಂದಳು. “ನಿಮ್ಮ ಕಷ್ಟ ನಮಗೂ ಅರ್ಥ ಆಗ್ತದೆ. ಆದ್ರೆ ಕಾನೂನು ಅಂತ ಒಂದಿದೆ. ಅದು ಸರ್ಕಾರಿ ಜಾಗ. ಸಾರ್ವಜನಿಕ ಹಿತ ನೋಡ್ಬೇಕಾಗ್ತದೆ. ನಿಮ್ಮ ಮನವಿ ಕೊಡಿ, ಪರಿಶೀಲನೆ ಮಾಡ್ತೀವಿ…”

ಮೊದಲು ನಕ್ಕವಳು ಸೀತಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯಯ್ಯಪ್ಪಾ! ಅದೇ ತಹಸೀಲ್ದಾರ! ಆ ಕೆಮ್ಮು ನೋಡ್ರೇ, ಕೆಮ್ಮು!” ನಗು ಗೇಟಿನ ತನಕ ಹಬ್ಬಿತು. ಹಿಂದಿನಿಂದ ಕಮಲಕ್ಕ, “ಕನ್ನಡಕ ಒರೆಸೋದು ಮರ್ತೆ ಕಣೇ!” ಎಂದು ಕೂಗಿದಳು.

“ಇಲ್ಲ, ಕೇಳಿ, ನಾನು ನಿಜವಾಗಿ…” ಎಂದಳು ಮಲ್ಲಿಕಾ ಕೈ ಎತ್ತಿ. ತಹಸೀಲ್ದಾರರೂ ಹಾಗೇ ಕೈ ಎತ್ತುತ್ತಿದ್ದರು. ನಗು ಇಮ್ಮಡಿಯಾಯಿತು. ಸೀತಕ್ಕ ಕಣ್ಣೊರೆಸಿಕೊಂಡು, “ಸಾಕು ಮಾರಾಯ್ತಿ, ಪಕ್ಕೆ ಹಿಡ್ಕಂತು. ನೀನಿರುವಾಗ ನಮಗೆಂತ ಭಯ? ಏಳ್ರೇ, ಕೊಟ್ಟಿಗೆ ಕೆಲಸ ಇದೆ,” ಎಂದಳು. ಗುಂಪು ಬಾವುಟ ಸುತ್ತಿಕೊಂಡು ತಹಸೀಲ್ದಾರರ ಕೆಮ್ಮು ಕೆಮ್ಮುತ್ತ ಹೊರಟುಹೋಯಿತು.

ಒಳಗೆ ಬಂದಾಗ ಸೋಮನಾಥ್ ಎದ್ದು ನಿಂತಿದ್ದರು. ಅವರು ಎದ್ದು ನಿಂತದ್ದು ಇದೇ ಮೊದಲು.

“ಎಂಥಾ ಚೆನ್ನಾಗಿ ಸಾಗಹಾಕಿದ್ರಿ ಮೇಡಂ! ನಮಗೆ ಇಷ್ಟು ವರ್ಷ ಸರ್ವೀಸಲ್ಲಿ ಈ ವಿದ್ಯೆ ಬರ್ಲಿಲ್ಲ.” ಗಂಟೆ ಒತ್ತಿ, “ಧರ್ಮೇಶ್, ಅಧ್ಯಕ್ಷರಿಗೆ ಒಂದು ಟೀ,” ಎಂದರು.

ಟೀಗೆ ಸಕ್ಕರೆ ಹಾಕಿತ್ತು, ಧಾರಾಳವಾಗಿಯೇ. ಮಲ್ಲಿಕಾ ಅರ್ಧಕ್ಕೇ ಬಿಟ್ಟು ಎದ್ದಳು.

ದಿಬ್ಬ ಹತ್ತುವಾಗ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಅವಳು ಮಾತು ಜೋಡಿಸುತ್ತಿದ್ದಳು. ತಹಸೀಲ್ದಾರರ ದನಿಯಲ್ಲಿ ವಾಕ್ಯ ತಾನಾಗಿ ಬರುತ್ತಿತ್ತು. ಸೋಮನಾಥರ ದನಿಯಲ್ಲಿ ಬರುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ ದನಿಯಲ್ಲಂತೂ ಬೈಗುಳದ ಸಮೇತ ಬರುತ್ತಿತ್ತು. ತನ್ನದೇ ದನಿಯಲ್ಲಿ ಇಂಥ ಮಾತು ಹೇಗಿರುತ್ತದೆ ಎಂದು ನೋಡಹೊರಟರೆ ಮೊದಲ ಪದವೇ ಸಿಗಲಿಲ್ಲ. ಇದೊಂದನ್ನು ತಾನು ಯಾವತ್ತೂ ಮಾಡಿ ನೋಡಿಲ್ಲ ಎನ್ನಿಸಿ ಆಶ್ಚರ್ಯವಾಯಿತು.

ಸೀತಕ್ಕ ಅಂಗಳದಲ್ಲಿ ಬಸಳೆ ಬಳ್ಳಿಗೆ ಕೋಲು ಊರಿ ಕಟ್ಟುತ್ತಿದ್ದಳು. ಇಂಜಿನಿಯರ್ ಹಾಕಿಸಿದ ಸುಣ್ಣದ ಗೆರೆ ಬಸಳೆಯ ಬುಡ ಹಾದು, ಬಚ್ಚಲು ಹಾದು, ಮನೆಯನ್ನು ಸುತ್ತಿ ಬಂದಿತ್ತು.

“ಬಾರೆ ಅಧ್ಯಕ್ಷೆ! ಆ ನೋಟೀಸು ಒಲೆಗೆ ಹಾಕಿದೆ. ಚೆನ್ನಾಗಿ ಉರೀತು.”

“ಸೀತಕ್ಕ.” ಕೆಮ್ಮು ಬಂತು. ನುಂಗಿಕೊಂಡಳು. “ಮನೆ ಬಿಡ್ಬೇಕು ಸೀತಕ್ಕ. ಸಹಿ ಹಾಕಿದ್ದು ನಾನೇ. ಸೋಮವಾರ ಜೆಸಿಬಿ ಬರ್ತದೆ. ಟ್ಯಾಂಕಿಗೆ ಬೇರೆ ಜಾಗ ಇಲ್ಲ, ಎಲ್ಲ ಕಡೆ ನೋಡಿದೆ. ಶಾಲೆ ಹಿಂದೆ ನಿಂಗೊಂದು ಸೈಟು ಕೊಡ್ಸ್ತೀನಿ. ಮನೆ ಏಳೊ ತನಕ ನಮ್ಮನೇಲಿ ಇರು.”

ಸೀತಕ್ಕ ನಗುವನ್ನು ಮುಖದ ಮೇಲೆ ಹಾಗೇ ಇಟ್ಟುಕೊಂಡು ಕಾದಳು. ಮುಂದಿನ ಮಾತಿಗೆ, ಕನ್ನಡಕ ಒರೆಸುವುದಕ್ಕೆ. ಏನೂ ಬರಲಿಲ್ಲ.

“ಇದು ಯಾರದ್ದು?” ಎಂದಳು.

“ಎಂತದು?”

“ಈ ದನಿ. ಯಾರದ್ದು ಮಾಡ್ತಿದಿ?”

“ನಂದೇ.”

ಸೀತಕ್ಕ ಬಳ್ಳಿಯ ಗಂಟು ಬಿಗಿದಳು. ಹಲ್ಲಿನಿಂದ ದಾರ ಕಡಿದಳು. “ಚೂರೂ ಚೆನ್ನಾಗಿಲ್ಲ ಕಣೇ,” ಎಂದಳು.

ಕೆಳಗೆ ಹಳ್ಳದಿಂದ ಲೈನಿನ ಹೆಂಗಸರು ಕೊಡ ಹೊತ್ತು ಹತ್ತುತ್ತಿದ್ದರು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಸೀತಕ್ಕ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಮುಂದೆ ಧರಣಿಗೆ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಳು. ಕೂತವಳು ಒಂಚೂರು ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ದೂರದ ಗುಡ್ಡ ನೋಡತೊಡಗಿದಳು.

ಸುಣ್ಣದ ಗೆರೆಯ ಈಚೆ ನಿಂತಿದ್ದ ಮಲ್ಲಿಕಾ ಒಂದು ಕಾಲಿನ ಚಪ್ಪಲಿ ಕಳಚಿದ್ದಳು. ಇನ್ನೊಂದು ಕಾಲಲ್ಲೇ ಇತ್ತು.